ಕುರ್ಚಿ ಕೊಳ್ಳುವ ಮುನ್ನ ಮೆಟ್ಟಿಲು ಎಣಿಸಿ

ನಮ್ಮ ಊರುಗಳಲ್ಲಿ ಅನೇಕ ಹಲ್ಲಿನ ಕ್ಲಿನಿಕ್‌ಗಳು ಮೊದಲ ಮಹಡಿಯಲ್ಲಿರುತ್ತವೆ. ಕೆಳಗೆ ಮೆಡಿಕಲ್ ಶಾಪ್, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಅಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಹಲ್ಲುಸೆಟ್ಟು ಬೇಕಾಗುವುದು ಮಂಡಿನೋವಿನ ಅಜ್ಜಿಗೇ ಅಲ್ಲವೇ?

ಎಸಿ, ಗಾಜಿನ ಬಾಗಿಲು ಇದ್ದರೆ ಒಳ್ಳೆಯ ಕ್ಲಿನಿಕ್ ಎಂದುಕೊಳ್ಳುತ್ತೇವೆ. ನನ್ನ ಪ್ರಕಾರ, ರೋಗಿಯ ಕಾಲು, ಭಯ ಮತ್ತು ಜೇಬು ಈ ಮೂರನ್ನೂ ನೆನೆದು ನಕ್ಷೆ ಹಾಕಿದ್ದೇ ಒಳ್ಳೆಯ ಕ್ಲಿನಿಕ್.

ನೆಲಮಹಡಿ ಸಿಗದಿದ್ದರೆ ಲಿಫ್ಟ್ ಇರುವ ಕಟ್ಟಡ ನೋಡಬೇಕು; ಅದೂ ಆಗದಿದ್ದರೆ ಮೆಟ್ಟಿಲಿಗೆ ಗಟ್ಟಿ ಕಂಬಿಯಾದರೂ ಇರಲಿ. ಡ್ರಿಲ್ಲಿನ ಸದ್ದು ಕಾಯುವ ಕೋಣೆಗೆ ಕೇಳಿದರೆ ಮಕ್ಕಳು ಅಲ್ಲೇ ಅಳಲು ಶುರುಮಾಡುತ್ತಾರೆ. ನಡುವೆ ಗೋಡೆ, ಬಾಗಿಲು ಬೇಕು. ಬಾಯಿ ತೆರೆದು ಮಲಗಿದವರು ಹೊರಗಿನವರ ಕಣ್ಣಿಗೆ ಬೀಳಬಾರದು. ನಿಖಾಬ್ ತೆಗೆಯಲು ಸಂಕೋಚಪಡುವ ತಾಯಂದಿರಿಗೆ ಇದೇ ದೊಡ್ಡ ಧೈರ್ಯ.

ಒಳಗಿನ ಕೆಲಸಕ್ಕೂ ಕ್ರಮ ಬೇಕು. ಬಳಸಿದ ಉಪಕರಣ ತೊಳೆಯುವ ಸಿಂಕ್‌ನಿಂದ ಆಟೋಕ್ಲೇವ್‌ಗೆ, ಅಲ್ಲಿಂದ ಕಪಾಟಿಗೆ ಒಂದೇ ದಿಕ್ಕಿನಲ್ಲಿ ಸಾಗಬೇಕು. ಆಗ ಕೊಳೆಯಾದದ್ದು ಶುದ್ಧವಾದದ್ದರೊಂದಿಗೆ ಬೆರೆಯುವುದಿಲ್ಲ, ಸಹಾಯಕರ ಓಡಾಟವೂ ಉಳಿಯುತ್ತದೆ.

ಕೊನೆಗೆ ದರಪಟ್ಟಿ. ಖಾಸಗಿ ಕ್ಲಿನಿಕ್‌ಗಳು ಅದನ್ನು ಪ್ರದರ್ಶಿಸಬೇಕೆಂದು ಕರ್ನಾಟಕದ 2007ರ ಕಾಯ್ದೆಯೇ ಹೇಳುತ್ತದೆ. ಅದು ಕನ್ನಡದಲ್ಲಿ, ಬಾಗಿಲ ಬಳಿಯೇ ಇರಲಿ. ಎಷ್ಟಾಗುವುದೋ ಎಂಬ ಅಂಜಿಕೆಯಿಂದ ನೋವು ನುಂಗಿಕೊಂಡು ಮನೆಯಲ್ಲೇ ಉಳಿಯುವವರು ಕಡಿಮೆಯೇನಲ್ಲ.

ನಾಳೆ ಬಿಡಿಎಸ್ ಮುಗಿಸಿ ಬೋರ್ಡ್ ಹಾಕಲಿರುವ ಗೆಳೆಯ ಗೆಳತಿಯರೇ, ಲಕ್ಷಗಟ್ಟಲೆ ಕೊಟ್ಟು ಕುರ್ಚಿ ತರುವಿರಿ. ಅಜ್ಜಿ ಆ ಕುರ್ಚಿಯವರೆಗೆ ಬರುವ ದಾರಿಯನ್ನು ಮೊದಲು ಮಾಡಿ.