ಓದಲಾಗದ ನಕ್ಷೆ ಕಡಲನ್ನು ಕಾಯುತ್ತದೆಯೇ?

ಕನ್ನಡದ ಯುವಕ ಯುವತಿಯರೇ,

ಭಾನುವಾರ ಬಂತೆಂದರೆ ಬೈಕು ಹತ್ತಿ ಮಾಗಡಿಯ ಸಾವನದುರ್ಗಕ್ಕೆ ಓಡುತ್ತೀರಿ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ನಕ್ಷೆ. ಬಂಡೆಯ ನೆತ್ತಿಯ ಮೇಲೆ ಕುಳಿತಾಗ ಒಮ್ಮೆ ಯೋಚಿಸಿ: ಈ ನಕ್ಷೆ ಯಾರದು? ಯಾರ ಭಾಷೆಯದು?

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಈ ಕೋಟೆಯನ್ನು ಕಿತ್ತುಕೊಂಡಿತು. ಕೋಟೆಯ ಜೊತೆ ಹೆಸರೂ ಹೋಯಿತು. ಅವರ ಕಾಗದಗಳಲ್ಲಿ ಸಾವನದುರ್ಗ 'ಸೇವನ್‌ಡ್ರೂಗ್' ಆಯಿತು! 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ ನೆಲ ಅಳೆದ. ಆ ಅಳತೆ ಮುಂದೆ ಮಂಗಳೂರಿನ ಕಡಲ ತನಕ ಹೋಯಿತು. ಅಳೆದವರು ಅವರು, ಹೆಸರು ಬರೆದವರು ಅವರು, ಆಳಿದವರೂ ಅವರೇ!

ಅಂದು ಸರಪಳಿ, ಇಂದು ಉಪಗ್ರಹ. ಅದೇ ಕಡಲ ದಂಡೆಯಲ್ಲಿ ಈಗ ಏನಾಗುತ್ತಿದೆ, ಗೊತ್ತೇ?

2019ರ ಜನವರಿ 18ರಂದು ಕೇಂದ್ರ ಸರ್ಕಾರ ಹೊಸ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಗುರುತಿಸಿದ ಉಬ್ಬರದ ಗೆರೆಯೇ ಕಾನೂನಿನ ಗೆರೆ. ದಟ್ಟ ಜನವಸತಿಯ ಹಳ್ಳಿಯಾದರೆ ಆ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರ್ 'ಅಭಿವೃದ್ಧಿ ನಿಷೇಧ ವಲಯ'. ಯೋಜನೆಯ ನಕ್ಷೆಯ ಅಳತೆ 1:25,000. ಲೆಕ್ಕ ಹಾಕಿ: 50 ಮೀಟರ್ ಎಂದರೆ ಆ ನಕ್ಷೆಯಲ್ಲಿ ಬರೀ 2 ಮಿಲಿಮೀಟರ್! ಪೆನ್ಸಿಲು ಕೊಂಚ ಜಾರಿದರೆ ಒಬ್ಬ ಮೀನುಗಾರನ ಮನೆ ಗೆರೆಯ ಆಚೆಯೋ ಈಚೆಯೋ!

ಉಪಗ್ರಹದ ಚಿತ್ರ ಬೇಡ ಎನ್ನುವ ಮೂರ್ಖತನ ನಮ್ಮದಲ್ಲ. ಕಾಂಡ್ಲಾ ಕಾಡು ಎಷ್ಟು ಕರಗಿತು, ಕಡಲು ಎಷ್ಟು ದಂಡೆ ನುಂಗಿತು ಎಂಬುದನ್ನು ಅದು ತೋರಿಸುತ್ತದೆ. ಅದು ಬೇಕೇ ಬೇಕು. ಆದರೆ ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಹೆಂಗಸರು ಬಳಚು ಆಯುವುದು ಎಲ್ಲಿ? ಕಗ್ಗ ಭತ್ತ ಬೆಳೆಯುವ ಗಜನಿ ಯಾವುದು? ಇದನ್ನು ಹೇಳಬೇಕಾದವರು ಅಲ್ಲಿನ ಜನ. ಅವರು ಬಾಯಿ ಬಿಡಬೇಕಾದರೆ ನಕ್ಷೆ ಅವರಿಗೆ ಅರ್ಥವಾಗಬೇಕು. 'ಎಚ್‌ಟಿಎಲ್', 'ಎನ್‌ಡಿಝಡ್' ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆಯನ್ನು ಮುಂದಿಟ್ಟು 'ಆಕ್ಷೇಪಣೆ ಇದ್ದರೆ ಹೇಳಿ' ಎಂದರೆ ಅದು ಅಹವಾಲು ಸಭೆಯೇ? ಅದು ಅಣಕ!

ಕೇಳಿದರೆ ಸಿಗುವುದಿಲ್ಲವೇ? ಸಿಗುತ್ತದೆ! 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಬಂತು. ಜೂನ್ 30ರಂದು ದೆಹಲಿ ಹೈಕೋರ್ಟು ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದಿತು. ಜನರ ಭಾಷೆಯಲ್ಲಿ ಸರಿಯಾಗಿ ಪ್ರಚಾರವಾಗಿಲ್ಲ ಎಂಬ ದೂರಿನ ಮೇಲೆ ನಮ್ಮ ಕರ್ನಾಟಕ ಹೈಕೋರ್ಟು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೇ ತಾತ್ಕಾಲಿಕ ತಡೆ ಹಾಕಿತು. ಭಾಷೆಯ ಪ್ರಶ್ನೆಗೆ ದೆಹಲಿ ನಿಲ್ಲಬೇಕಾಯಿತು!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಾರವಾರದಿಂದ ಉಳ್ಳಾಲದವರೆಗೆ ಕಡಲ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ಊರಿನ ನಕ್ಷೆ ಕನ್ನಡದಲ್ಲಿರಬೇಕು. ಸರ್ವೆ ನಂಬರು ಇರಬೇಕು, ಊರವರು ಕರೆಯುವ ಹೆಸರಿರಬೇಕು. ಹಳ್ಳಿ ಮಟ್ಟಕ್ಕೆ 1:3,960ರ ನಕ್ಷೆ ಮಾಡಲು ನಿಯಮದಲ್ಲೇ ಅವಕಾಶವಿದೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ 'ದಿಶಾಂಕ್' ಮಾಡಿದ ರಾಜ್ಯಕ್ಕೆ ಇದು ಅಸಾಧ್ಯವೇ? ಇಚ್ಛೆ ಇಲ್ಲ, ಅಷ್ಟೇ!

ಮತ್ತು ನೀವು? ಕಂಪ್ಯೂಟರು ಬಲ್ಲವರು ನೀವು. ಮುಂದಿನ ಭಾನುವಾರ ಸಾವನದುರ್ಗದ ಬುಡದ ಹಳ್ಳಿಯಲ್ಲಿ ಅರ್ಧ ಗಂಟೆ ನಿಲ್ಲಿ. ಹಿರಿಯರನ್ನು ಕೇಳಿ ಕೆರೆ, ಕಟ್ಟೆ, ಹಳ್ಳ, ತೋಪುಗಳ ಹೆಸರು ಬರೆದುಕೊಳ್ಳಿ. ಯಾರು ಬೇಕಾದರೂ ತಿದ್ದಬಹುದಾದ 'ಓಪನ್ ಸ್ಟ್ರೀಟ್ ಮ್ಯಾಪ್'ಗೆ ಅವನ್ನು ಕನ್ನಡದಲ್ಲೇ ಸೇರಿಸಿ. ಇಲ್ಲಿ ಕಲಿತ ಕೈ ನಾಳೆ ಕರಾವಳಿಗೂ ನೆರವಾಗಲಿ.

ಕನ್ನಡದ ನಕ್ಷೆ ಇಲ್ಲದೆ ಅಹವಾಲು ಸಭೆ ಇಲ್ಲ! ಇದೇ ನಮ್ಮ ಘೋಷಣೆ.

ಸಿರಿಗನ್ನಡಂ ಗೆಲ್ಗೆ!