ಉಜ್ಜೀವನಕ್ಕೆ ಪ್ಯಾಕೇಜ್ ಇಲ್ಲ

ಸೊರಗಿದ ಕ್ರೈಸ್ತ ಸಭೆಗಳನ್ನು ಮತ್ತೆ ಬೆಳೆಸುವುದು ಹೇಗೆ ಎಂಬುದನ್ನು ಹೇಳಿಕೊಡುವ ತರಬೇತಿಗಳಿಗೆ ಇಂದು ಕೊರತೆಯಿಲ್ಲ. ಅವುಗಳ ಪಾಠ ಹೆಚ್ಚುಕಡಿಮೆ ಒಂದೇ. ಭಾನುವಾರದ ಹಾಜರಿಯನ್ನು ಲೆಕ್ಕ ಹಾಕಿ. ಹಳೆಯ ಕೀರ್ತನೆ ಬಿಟ್ಟು ಗಿಟಾರ್, ಡ್ರಮ್ಸ್ ತನ್ನಿ. ಗೋಡೆಗೆ ಪರದೆ ಹಾಕಿ. ಯುವಕರಿಗೆ ಇಂಗ್ಲಿಷ್ ಆರಾಧನೆ ಇಡಿ. ಐದು ವರ್ಷಕ್ಕೊಂದು ಗುರಿ ಬರೆಯಿರಿ. ಮೊಬೈಲ್ ಕಂಪನಿಯೊಂದು ತಾಲ್ಲೂಕು ಮಟ್ಟದ ಏಜೆಂಟರಿಗೆ ಕೊಡುವ ತರಬೇತಿಗೂ ಇದಕ್ಕೂ ವ್ಯತ್ಯಾಸ ಹುಡುಕಬೇಕು.

ತರಬೇತಿಯೇ ಮದ್ದಾಗಿದ್ದರೆ ಪುಣೆಯಲ್ಲಿ ಒಂದು ಸಭೆಯೂ ಸೊರಗಬಾರದಿತ್ತು. 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಶುರುವಾದ ಪೇಪಲ್ ಸೆಮಿನರಿ 1955ರಲ್ಲಿ ಇದೇ ಊರಿಗೆ ಬಂತು. ಯವತ್ಮಾಳದಲ್ಲಿದ್ದ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಲ್ಲಿ ಬಂತು. ಪಾದ್ರಿಗಳನ್ನು, ಸಭಾಪಾಲಕರನ್ನು ದೇಶಕ್ಕೆಲ್ಲ ತಯಾರಿಸಿ ಕಳಿಸುವ ಊರು ಇದು. ಹಾಗಾದರೆ ಕೊರತೆ ಇರುವುದು ತಂತ್ರದಲ್ಲಲ್ಲ. ಅದು ಎಲ್ಲಿದೆ ಎಂದು ತಿಳಿಯಲು ಪರದೇಶದ ಪುಸ್ತಕ ಬೇಕಿಲ್ಲ. ಪುಣೆಯ ಸುತ್ತಲಿನ ನೂರಿಪ್ಪತ್ತು ವರ್ಷದ ಚರಿತ್ರೆಯೇ ಸಾಕು.

ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. 1905ರ ಜೂನ್‌ನಲ್ಲಿ ಅಲ್ಲಿ ನಡೆದ ಉಜ್ಜೀವನವನ್ನು ಇವತ್ತಿಗೂ ಉಜ್ಜೀವನ ಕೂಟಗಳಲ್ಲಿ ಭಾವುಕರಾಗಿ ನೆನೆಯುತ್ತಾರೆ. ರಾತ್ರಿಯಿಡೀ ಪ್ರಾರ್ಥನೆ, ಕಣ್ಣೀರು, ದೂರದೂರಿಗೆ ಹಬ್ಬಿದ ಸುದ್ದಿ. ಆದರೆ ಆ ಜೂನ್ ತಿಂಗಳಿಗೆ ಮುಂಚಿನ ಹತ್ತು ವರ್ಷವನ್ನು ಯಾರೂ ನೆನೆಯುವುದಿಲ್ಲ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ತಪ್ಪಿಗೆ ಊರಿನವರ ಕೋಪಕ್ಕೆ ಗುರಿಯಾದವರು. ಬರಗಾಲದ ಅಲೆದಾಟದಲ್ಲಿ ರಮಾಬಾಯಿ ತಂದೆ ತಾಯಿ ಇಬ್ಬರನ್ನೂ ಹಸಿವಿಗೆ ಒಪ್ಪಿಸಿದರು. 1896-97ರಲ್ಲಿ ಮಧ್ಯ ಭಾರತಕ್ಕೆ, 1900ರಲ್ಲಿ ಗುಜರಾತಿಗೆ ಬರ ಬಂದಾಗ ಅಲ್ಲಿಂದ ಅನಾಥ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದವರು ಅದೇ ರಮಾಬಾಯಿ. ಮುಕ್ತಿಯಲ್ಲಿ ಆ ಹೆಂಗಸರು ಹೊಲ ಉತ್ತರು, ನೇಯ್ದರು, ಎಣ್ಣೆ ತೆಗೆದರು, ಅಚ್ಚುಮೊಳೆ ಜೋಡಿಸಿದರು. ಯಾರ ಮನೆಯ ಲೆಕ್ಕಕ್ಕೂ ಸೇರದವರು ಅಲ್ಲಿ ಲೆಕ್ಕಕ್ಕೆ ಬಂದರು. 1905ರ ಬೆಂಕಿ ಹತ್ತಿದ್ದು ಹೀಗೆ ಒಟ್ಟಿದ ಸೌದೆಗೆ. ಸೌದೆ ಒಟ್ಟದೆ ಬೆಂಕಿಪೊಟ್ಟಣ ಮಾತ್ರ ಹಂಚುವುದು ಇಂದಿನ ಉಜ್ಜೀವನದ ವ್ಯಾಪಾರ.

ರಮಾಬಾಯಿ ಇನ್ನೊಂದು ಕೆಲಸ ಮಾಡಿದರು. ಸಂಸ್ಕೃತದಲ್ಲಿ ಪಂಡಿತರನ್ನೇ ಬೆರಗುಗೊಳಿಸಿದ್ದ ಈ ಹೆಂಗಸು ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಕಡಿಮೆಯಿದ್ದ ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಇಡೀ ಬೈಬಲನ್ನು ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಸಾಗಿತ್ತು. ಮುಕ್ತಿಯ ಹೆಂಗಸರೇ ಅದನ್ನು ಅಚ್ಚು ಹಾಕಿದರು. ಗೊತ್ತಿದ್ದ ದೊಡ್ಡ ಮಾತನ್ನು ಕೆಳಗಿಟ್ಟು, ಎದುರಿಗೆ ಕೂತವರ ಮಾತನ್ನು ಎತ್ತಿಕೊಳ್ಳುವುದು ಅನುವಾದದ ಜಾಣ್ಮೆ ಮಾತ್ರವಲ್ಲ. ಸಭೆ ಯಾರದು ಎಂಬ ಪ್ರಶ್ನೆಗೆ ಅದೇ ಉತ್ತರ.

ನಾರಾಯಣ ವಾಮನ ಟಿಳಕರ ಉತ್ತರವೂ ಇದೇ ದಿಕ್ಕಿನದು. 1895ರಲ್ಲಿ ದೀಕ್ಷಾಸ್ನಾನ ಪಡೆದ ಈ ಮರಾಠಿ ಕವಿ, ಕ್ರಿಸ್ತನ ಬಳಿಗೆ ತಾನು ಬಂದದ್ದು ತುಕಾರಾಮನೆಂಬ ಸೇತುವೆಯ ಮೇಲಿಂದ ಎಂದು ನಂಬಿದ್ದರು. ಅಭಂಗ ಬರೆದರು, ಕೀರ್ತನ ಮಾಡಿದರು. ಇಂದಿಗೂ ಮರಾಠಿ ಸಭೆಗಳು ಅವರ ಹಾಡು ಬಿಟ್ಟು ಹಾಡಲಾರವು. 1917ರಲ್ಲಿ ಅವರು ಅಮೆರಿಕನ್ ಮಿಷನ್ನಿನ ಸಂಬಳದ ಕೆಲಸ ಬಿಟ್ಟು, ದೀಕ್ಷಾಸ್ನಾನ ಆದವರೂ ಆಗದವರೂ ಒಟ್ಟಿಗೆ ಕೂರಬಹುದಾದ ‘ದೇವರ ದರ್ಬಾರ್’ ಕಟ್ಟಲು ಹೊರಟರು. ಎರಡೇ ವರ್ಷದಲ್ಲಿ ತೀರಿಕೊಂಡರು. ಲೆಕ್ಕದ ಪುಸ್ತಕ ಹಿಡಿದು ಕೂತವರು ಇದನ್ನು ಸೋತ ಯೋಜನೆ ಅನ್ನಬಹುದು. ಆದರೆ ಅವರ ಹಾಡು ಉಳಿಯಿತು, ಅವರ ಕಾಲದ ಎಷ್ಟೋ ವಾರ್ಷಿಕ ವರದಿಗಳನ್ನು ಇಂದು ಓದುವವರಿಲ್ಲ.

ಇನ್ನು ‘ಸಭಾಬೆಳವಣಿಗೆ’ ಎಂಬ ಸಿದ್ಧಾಂತಕ್ಕೆ ಬರೋಣ. ಅಮೆರಿಕದಿಂದ ಆಮದಾದಂತೆ ಕಾಣುವ ಇದರ ಬೇರು ಇರುವುದು ಭಾರತದಲ್ಲೇ. ಇದರ ಜನಕ ಡೊನಾಲ್ಡ್ ಮೆಕ್‌ಗಾವ್ರನ್ ಹುಟ್ಟಿದ್ದು 1897ರಲ್ಲಿ, ಮಧ್ಯಪ್ರದೇಶದ ದಮೋಹ್‌ನಲ್ಲಿ. ದಶಕಗಳ ಕಾಲ ಆ ಸೀಮೆಯಲ್ಲೇ ದುಡಿದು 1955ರಲ್ಲಿ ‘ದಿ ಬ್ರಿಡ್ಜಸ್ ಆಫ್ ಗಾಡ್’ ಬರೆದರು. ಅವರು ಕಂಡ ಸತ್ಯ ಸಣ್ಣದಲ್ಲ: ಮಿಷನ್ ಕಾಂಪೌಂಡಿನೊಳಗೆ ಬಂದವನು ತನ್ನ ನಂಟರಿಂದ ಕಡಿದುಹೋಗುತ್ತಾನೆ, ಅವನ ಹಿಂದೆ ಯಾರೂ ಬರುವುದಿಲ್ಲ. ಆದರೆ ಅದರಿಂದ ಅವರು ತೆಗೆದ ನಿಯಮ ಅಪಾಯದ್ದು. ಜನ ತಮ್ಮ ಕುಲ, ಭಾಷೆ, ವರ್ಗದ ಗೆರೆ ದಾಟದೆಯೇ ಕ್ರೈಸ್ತರಾಗಲು ಬಯಸುತ್ತಾರೆ, ಆದ್ದರಿಂದ ಒಂದೇ ಬಗೆಯ ಜನರ ಸಭೆ ಬೇಗ ಬೆಳೆಯುತ್ತದೆ ಎಂಬುದು ಆ ನಿಯಮ. ಈ ದೇಶದಲ್ಲಿ ಇದನ್ನು ಜಾರಿಗೆ ತಂದರೆ ಏನಾಗುತ್ತದೆಂದು ಹೇಳಲು ಸಮೀಕ್ಷೆ ಬೇಕೆ? ಜಾತಿಗೊಂದು ಬೆಂಚು ಇದ್ದದ್ದು ಜಾತಿಗೊಂದು ಸಭೆಯಾಗುತ್ತದೆ. ಕ್ರೈಸ್ತನಾದ ದಲಿತನಿಗೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನ ಕೊಡುವುದಿಲ್ಲ. ಸರ್ಕಾರ ಅವನ ಜಾತಿಯನ್ನು ಮರೆಯುತ್ತದೆ, ಸಭೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಈ ಎರಡು ಅನ್ಯಾಯದ ನಡುವೆ ನಿಂತವನಿಗೆ ಪರದೆಯ ಮೇಲೆ ಹಾಡಿನ ಸಾಲು ಕಂಡರೆಷ್ಟು, ಬಿಟ್ಟರೆಷ್ಟು.

ಇಲ್ಲೊಂದು ಆಕ್ಷೇಪ ಏಳಬಹುದು. ಆಯಾ ಜನರ ಭಾಷೆ ಎತ್ತಿಕೊಳ್ಳಿ ಎನ್ನುವುದೂ ಮೆಕ್‌ಗಾವ್ರನ್ನರ ಮಾತೇ ಅಲ್ಲವೇ? ಅಲ್ಲ. ಭಾಷೆ ಬಾಗಿಲು, ಅದನ್ನು ಗೋಡೆ ಮಾಡಬಾರದು. ಮುಕ್ತಿಯಲ್ಲಿ ಮರಾಠಿ, ಹಿಂದಿ, ಗುಜರಾತಿ ಸೀಮೆಯ ಹುಡುಗಿಯರು ಒಂದೇ ಸೂರಿನಡಿ ಬದುಕಿದರು. ವಿಜಯಪುರ, ಕಲಬುರಗಿಯ ಕಡೆಯಿಂದ ದುಡಿಯಲು ಪುಣೆಗೆ ಬಂದ ಕುಟುಂಬ ಕನ್ನಡದಲ್ಲಿ ಪ್ರಾರ್ಥಿಸಲಿ, ಆಮೇಲೆ ಮರಾಠಿಯವರೊಂದಿಗೆ ಒಂದೇ ಪ್ರಭುಭೋಜನದ ಮೇಜಿಗೆ ಬರಲಿ. ಎಲ್ಲರನ್ನೂ ಇಂಗ್ಲಿಷಿನ ಸಭಾಂಗಣಕ್ಕೆ ಸಾಗಿಸುವುದು ಒಗ್ಗಟ್ಟಲ್ಲ. ಅಲ್ಲಿ ಮಗಳು ಹಾಡುತ್ತಾಳೆ, ಅವಳ ಅಜ್ಜಿ ತುಟಿ ಆಡಿಸುತ್ತಾಳೆ.

ಎರಡನೆಯ ಆಕ್ಷೇಪ ಹಣದ್ದು. ಹತ್ತು ಮನೆಯ ಕಾಣಿಕೆಯಲ್ಲಿ ಸಭಾಪಾಲಕನ ಸಂಬಳ ಹುಟ್ಟುವುದಿಲ್ಲ, ಸೋರುವ ಮಾಡು ರಿಪೇರಿ ಆಗುವುದಿಲ್ಲ. ಇದು ನಿಜ. ಸಂಖ್ಯೆ ಬೇಡವೆಂದು ಹೇಳುವುದು ಹೊಟ್ಟೆ ತುಂಬಿದವರ ವೈರಾಗ್ಯ. ಆದರೆ ಕಾಣಿಕೆ ಹೋದದ್ದೆಲ್ಲಿಗೆ ಎಂದು ಗೊತ್ತಿಲ್ಲದ ಕಡೆ ಜನ ಕೈಬಿಚ್ಚುವುದಿಲ್ಲ. ಮಿಷನರಿಗಳು ಬಿಟ್ಟುಹೋದ ಜಾಗಕ್ಕೆ ನಗರದಲ್ಲಿ ಚಿನ್ನದ ಬೆಲೆ ಬಂದ ಮೇಲೆ, ಎಷ್ಟೋ ಕಡೆ ಸಭೆಯ ಶಕ್ತಿಯೆಲ್ಲ ಟ್ರಸ್ಟಿನ ಚುನಾವಣೆಗೂ ಕೋರ್ಟಿಗೂ ಖರ್ಚಾಗುತ್ತಿದೆ. ಆ ಜಗಳ ನೋಡಿ ಬೆಳೆದ ಮಕ್ಕಳು ಹೊರಗೆ ಹೋದರೆ, ಹಳೆಯ ಹಾಡು ಬೇಜಾರಾಯಿತೆಂದು ಹೋದರು ಅನ್ನುವುದು ಸುಳ್ಳು.

ಮೂರನೆಯ ಮಾತು ಕಾಲದ್ದು. 2008ರಲ್ಲಿ ಕರಾವಳಿಯ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. 2022ರಲ್ಲಿ ಕರ್ನಾಟಕ ಮತಾಂತರದ ಕಾಯ್ದೆ ತಂದಿತು. 2011ರ ಜನಗಣತಿಯಂತೆ ದೇಶದಲ್ಲಿ ಕ್ರೈಸ್ತರು ಶೇಕಡಾ 2.3, ಮಹಾರಾಷ್ಟ್ರದಲ್ಲಿ ಶೇಕಡಾ 1ಕ್ಕೂ ಕಡಿಮೆ. ಇಷ್ಟು ಸಣ್ಣ ಸಮುದಾಯ ಬೆಳವಣಿಗೆಯನ್ನು ತಲೆಎಣಿಕೆಯ ಭಾಷೆಯಲ್ಲೇ ಆಡುತ್ತಾ ಹೋದರೆ, ತನ್ನನ್ನು ಅನುಮಾನಿಸುವವರ ಕೈಗೆ ತಾನೇ ಲೆಕ್ಕಪತ್ರ ಕೊಟ್ಟಂತೆ. ನಂಬಿಕೆ ಹಂಚುವುದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ನಾಚಬೇಕಿಲ್ಲ. ನಾಚಬೇಕಾದ್ದು ಮನುಷ್ಯರನ್ನು ಗುರಿಪಟ್ಟಿಯ ಅಂಕಿ ಮಾಡುವುದಕ್ಕೆ.

ಕನ್ನಡದ ಪ್ರಾಟೆಸ್ಟಂಟರು ತಮ್ಮ ಸಮುದಾಯಕ್ಕೆ ಹಿಡಿದ ಪದ ‘ಸಭೆ’. ಕೂಡಿ ಬಂದವರು ಎಂದಷ್ಟೇ ಅದರ ಅರ್ಥ, ಕಟ್ಟಡವೆಂದಲ್ಲ. ಸಭೆಯನ್ನು ಎತ್ತಿ ನಿಲ್ಲಿಸಬೇಕು ಅನ್ನುವವರು ಮೊದಲು ಮಾಡಬೇಕಾದ ಕೆಲಸ ಮೂರೇ: ಲೆಕ್ಕವನ್ನು ಎಲ್ಲರ ಮುಂದೆ ಓದುವುದು, ಹಿಂದಿನ ಬೆಂಚಿನವರನ್ನು ಆಡಳಿತ ಸಮಿತಿಗೆ ಕರೆಯುವುದು, ಬರುವುದು ಬಿಟ್ಟವರ ಮನೆಗೆ ಹೋಗಿ ಅವರ ಮಾತಿನಲ್ಲೇ ಕಾರಣ ಕೇಳುವುದು. ಇದಕ್ಕೆ ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಅದಕ್ಕೇ ಇದನ್ನು ಕಲಿಸುವ ತರಬೇತಿ ಎಲ್ಲೂ ನಡೆಯುತ್ತಿಲ್ಲ.