ಕಾರಿಗೆ ದಾರಿ ತೋರುವ ಯಂತ್ರ

ಕಾರಿನಲ್ಲಿರಿಸತಕ್ಕ ಜಿ.ಪಿ.ಎಸ್. ಯಂತ್ರವನ್ನು ಕೊಳ್ಳಬಯಸುವ ಗೃಹಸ್ಥರು ಒಂದು ವಿಷಯವನ್ನು ಮೊದಲು ಮನಗಾಣಬೇಕು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸಂಚರಿಸುವ ಉಪಗ್ರಹಗಳ ಪೈಕಿ ನಾಲ್ಕರ ಸಂಕೇತವಾದರೂ ದೊರೆತರೆ, ಯಂತ್ರವು ನಾವಿರುವ ಸ್ಥಳವನ್ನು ಗಣಿಸುತ್ತದೆ. ಮುಂದಿನ ದಾರಿಯನ್ನು ಹೇಳುವುದು ಅದರೊಳಗಿನ ನಕ್ಷೆ. ಆದುದರಿಂದ ಪರದೆಯ ಅಂದಕ್ಕೆ ಮರುಳಾಗದೆ, ನಮ್ಮ ದೇಶದ ನಕ್ಷೆಯುಂಟೇ, ಅದನ್ನು ಕಾಲಕಾಲಕ್ಕೆ ತಿದ್ದಿಕೊಡುವರೇ ಎಂದು ವಿಚಾರಿಸತಕ್ಕದ್ದು. ನಕ್ಷೆಯು ಒಳಗೇ ಇದ್ದಲ್ಲಿ, ಮೊಬೈಲು ಸಂಪರ್ಕವಿಲ್ಲದ ಕಾಡಿನಲ್ಲಿಯೂ ಯಂತ್ರವು ನೆರವಾಗುವುದು. ಆದರೆ ಅಂದಂದಿನ ವಿಘ್ನವು ಅದಕ್ಕೆ ತಿಳಿಯದು. 2018ರ ಮಳೆಗಾಲದಲ್ಲಿ ಶಿರಾಡಿ ಘಟ್ಟದ ರಸ್ತೆಯು ಗುಡ್ಡ ಕುಸಿದು ಮುಚ್ಚಿತು. ನಕ್ಷೆಯ ಮೇಲಣ ಗೆರೆಯೇನೂ ಕುಸಿಯಲಿಲ್ಲ.

ಹೋಗಬೇಕಾದ ಊರನ್ನು ಹೊರಡುವ ಮುನ್ನವೇ ನಮೂದಿಸಿರಿ. ಯಂತ್ರವನ್ನು ದೃಷ್ಟಿಗೆ ಅಡ್ಡವಾಗದಂತೆ ಇರಿಸಿರಿ. ಅದರ ಮಾತಿಗೂ ಎದುರಿನ ರಸ್ತೆಗೂ ವಿರೋಧ ಬಂದಲ್ಲಿ ಪ್ರತ್ಯಕ್ಷವೇ ಪ್ರಮಾಣ. ಹಿಂದಿನ ಆಸನದಲ್ಲಿ ಮಕ್ಕಳು ಮಲಗಿರುವಾಗ, ಕಾರು ನಿಲ್ಲಿಸಿ ಊರವರನ್ನು ದಾರಿ ಕೇಳುವುದರಲ್ಲಿ ಲಾಘವವೇನೂ ಇಲ್ಲ.